ಎಂಟು ಗಂಟಿನ ಹಗ್ಗ

ಆಯಮ್ಮನ ಬಾಯಿ ಜೋರು. ಶಿಶುವಿಹಾರದ ಮಕ್ಕಳಿಂದ ಹಿಡಿದು ಕೆಳಗಿನ ಔಷಧಿ ಅಂಗಡಿಯವನವರೆಗೆ ಎಲ್ಲರಿಗೂ ಅದು ಗೊತ್ತು. ಆದರೆ ಎಂಟು ಮಕ್ಕಳಿಗೆ ವಾರಕ್ಕೆರಡು ದಿನ ಆಕಾಶ ಸಿಕ್ಕಿದ್ದೂ ಆ ಬಾಯಿಯಿಂದಲೇ, ಅದನ್ನೂ ಹೇಳಬೇಕು.

ಶಿಶುವಿಹಾರ ಇದ್ದದ್ದು ಎರಡನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಕಿಟಕಿ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಬೆಳಿಗ್ಗೆ ಬಂದ ಮಕ್ಕಳು ಸಂಜೆ ಅಪ್ಪ ಅಮ್ಮ ಬರುವ ತನಕ ಆ ಗೋಡೆಯ ಮುಖವನ್ನೇ ನೋಡಬೇಕು. "ಮೇಡಂ, ಇವು ಮಕ್ಕಳೋ ಗೋದಾಮಿನ ಮೂಟೆಗಳೋ?" ಎಂದು ಆಯಮ್ಮ ಆರು ತಿಂಗಳು ಮೇಡಂ ತಲೆ ತಿಂದಳು. ಕೊನೆಗೆ ಮೇಡಂ ಸೋತು, ಮಂಗಳವಾರ, ಶುಕ್ರವಾರ ಹತ್ತರಿಂದ ಹನ್ನೊಂದರವರೆಗೆ ರಸ್ತೆಯಾಚೆಯ ಪಾರ್ಕಿಗೆ ಕರೆದೊಯ್ಯಲು ಒಪ್ಪಿದರು.

"ಆದ್ರೆ ಒಂದು ಸಲ, ಒಂದೇ ಒಂದು ಸಲ ಹೆಚ್ಚುಕಮ್ಮಿ ಆದ್ರೂ ಅವತ್ತಿಗೇ ಪಾರ್ಕು ಬಂದ್. ಆಮೇಲೆ ನನ್ನ ಹತ್ರ ವಾದ ಮಾಡೋ ಹಾಗಿಲ್ಲ," ಎಂದಿದ್ದರು.

ಅದಕ್ಕೇ ಆಯಮ್ಮ ಒಂದು ದಪ್ಪ ನೂಲಿನ ಹಗ್ಗ ತಂದು ಎಂಟು ಗಂಟು ಹಾಕಿದಳು. ಒಂದೊಂದು ಗಂಟಿಗೆ ಒಂದೊಂದು ಮಗು. ಮುಂದಿನ ತುದಿ ಅವಳ ಕೈಯಲ್ಲಿ. ರಸ್ತೆ ದಾಟುವ ಮುಂಚೆ ತಿರುಗಿ ನೋಡುವಳು. ಎಂಟು ಗಂಟಿನ ಮೇಲೂ ಕೈ ಇದ್ದರೆ ಎಲ್ಲರೂ ಇದ್ದಾರೆಂದು ಲೆಕ್ಕ. ಒಂದು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಆ ಮಂಗಳವಾರ, ಆಯಮ್ಮ 'ಅಳುಮುಂಜಿ' ಎಂದು ಅಡ್ಡಹೆಸರಿಟ್ಟ ಮಗುವಿಗೆ ನೆಗಡಿ, ಬಂದಿರಲಿಲ್ಲ. ಏಳೇ ಮಕ್ಕಳು. ಪಾರ್ಕಿನಲ್ಲಿ 'ಗುಂಡ' ಒಣಗಿದ ಎಲೆಗಳನ್ನೆಲ್ಲ ಜೇಬಿಗೆ ತುರುಕಿಕೊಂಡ. 'ಚಿನಕುರಳಿ' ಇರುವೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಸಾಲು ತಪ್ಪಿಸಬಾರದು ಎಂದು ಅವಕ್ಕೆ ಬುದ್ಧಿ ಹೇಳಿದಳು. ಉಳಿದವರು ಜಾರುಬಂಡೆ ಬಿಟ್ಟು ಅಲ್ಲಾಡಲಿಲ್ಲ. ಮರದ ನೆರಳಲ್ಲಿ ನಿಂತು ನೋಡುತ್ತಿದ್ದ ಆಯಮ್ಮನಿಗೆ ಎದೆ ತುಂಬಿಬಂತು. ಕಾಸು ಕೇಳದೆ ಇಷ್ಟೊಂದು ಗಾಳಿ, ಇಷ್ಟೊಂದು ಬೆಳಕು! ಯಾವ ಪುಣ್ಯಾತ್ಮರು ಇಲ್ಲಿ ಕಟ್ಟಡ ಕಟ್ಟದೆ ಬಿಟ್ಟರೋ, ಅವರ ಹೊಟ್ಟೆ ತಣ್ಣಗಿರಲಿ ಅಂದುಕೊಂಡಳು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ "ಹಗ್ಗಾ!" ಎಂದು ಕೂಗಿದಳು. ಮಕ್ಕಳು ಓಡಿಬಂದು ಹಿಡಿದರು. ತಿರುಗಿ ನೋಡಿದಳು. ಎಂಟು ಗಂಟು, ಎಂಟು ಕೈ. ಸರಿ, ಹೊರಡಿ.

ಅಯ್ಯೋ ಮಹಾತಾಯಿ, ಕರೆತಂದ ಮಕ್ಕಳು ಏಳು, ಎಂಟನೇ ಕೈ ಎಲ್ಲಿಂದ ಬಂತು ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ವರ್ಷದಿಂದ ಎಂಟನ್ನೇ ನೋಡಿದ ಕಣ್ಣು ಎಂಟನ್ನೇ ನೋಡಿ ಸಮಾಧಾನಪಟ್ಟುಕೊಂಡಿತು.

ಮೇಲೆ ಹೋಗಿ ಮಕ್ಕಳು ಚಪ್ಪಲಿ ಗೂಡಿನ ಹತ್ತಿರ ಗುಂಪುಗೂಡಿದಾಗ ಚಿನಕುರಳಿ ಕಿರುಚಿದಳು: "ಅಲ್ಲಿಡ್ಬೇಡ! ಅದು ಅಳುಮುಂಜಿ ಜಾಗ!"

ಆಯಮ್ಮ ಬಗ್ಗಿ ನೋಡಿದಳು. ಹಳದಿ ಫ್ರಾಕಿನ ಹುಡುಗಿಯೊಬ್ಬಳು ಬೂಟುಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನಾಲ್ಕು ವರ್ಷವಿರಬಹುದು. ಯಾವತ್ತೂ ನೋಡಿದ ಮುಖವಲ್ಲ.

"ನೀನ್ಯಾರೇ?"

"ಪುಟ್ಟಿ."

"ಯಾರ ಜೊತೆ ಬಂದಿದ್ದೆ ಪಾರ್ಕಿಗೆ?"

"ತಾತನ ಜೊತೆ. ತಾತ ಗೊರ್‌ ಅಂತ ಬೆಂಚಲ್ಲಿ ನಿದ್ದೆ ಮಾಡ್ತಿದ್ರು. ನಾನು ಹಗ್ಗ ಆಟಕ್ಕೆ ಬಂದೆ."

ಅಡುಗೆಯ ಅಕ್ಕ ಒಳಗಿನಿಂದ ಬಂದವಳು ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡಳು. ಆಯಮ್ಮನ ರಟ್ಟೆ ಹಿಡಿದು ಪಿಸುಗುಟ್ಟಿದಳು: "ಮೇಡಂ ಫೋನಲ್ಲಿದ್ದಾರೆ. ಸದ್ದಿಲ್ದೆ ಬಿಟ್ಟು ಬಾ. ಇವುಗಳನ್ನ ನಾನು ನೋಡ್ಕೋತೀನಿ. ಯಾರಿಗೂ ಗೊತ್ತಾಗಲ್ಲ."

ಆಯಮ್ಮ ಪುಟ್ಟಿಯನ್ನು ಎತ್ತಿಕೊಂಡು ನಾಲ್ಕು ಮೆಟ್ಟಿಲು ಇಳಿದೂ ಬಿಟ್ಟಳು. ಹೇಳಿದರೆ ಪಾರ್ಕು ಹೋಯಿತು. ಮತ್ತೆ ಆ ಗೋಡೆ, ಆ ಕಿಟಕಿ. ಹೇಳದಿದ್ದರೆ? ಸಂಜೆ ಅಮ್ಮಂದಿರು ಬಂದು "ಪಾಪು ಹೇಗಿತ್ತು ಆಯಮ್ಮಾ?" ಎಂದು ನಗುತ್ತಾ ಕೇಳುತ್ತಾರೆ. ಆಗ ಯಾವ ಮುಖ ಹೊತ್ತು ನಿಲ್ಲುವುದು? ಥೂ ಎಂದು ತನಗೆ ತಾನೇ ಬೈದುಕೊಂಡು, ಮೆಟ್ಟಿಲು ಹತ್ತಿ ಆಫೀಸಿನ ಬಾಗಿಲು ತಳ್ಳಿದಳು.

"ಮೇಡಂ, ಯಾರದೋ ಮಗೂನ ಕರ್ಕೊಂಡು ಬಂದ್ಬಿಟ್ಟಿದೀನಿ. ವಾಪಸ್ ಕೊಡೋಕೆ ಓಡ್ತಿದೀನಿ. ಬೈಯೋದನ್ನ ಬಂದ್ಮೇಲೆ ಬೈಯಿರಿ."

ಪಾರ್ಕಿನಲ್ಲಿ ಆಗಲೇ ಜನ ಸೇರಿದ್ದರು. ಮಾಲಿ ನೀರಿನ ತೊಟ್ಟಿಗೆ ಬಗ್ಗಿ ನೋಡುತ್ತಿದ್ದ. ಒಂದೇ ಕಾಲಿನಲ್ಲಿ ಚಪ್ಪಲಿ ಉಳಿದ ಮುದುಕರೊಬ್ಬರು "ಪುಟ್ಟೀ, ಪುಟ್ಟೀ" ಎಂದು ಗಿಡಗಳನ್ನು ಸರಿಸಿ ಸರಿಸಿ ಹುಡುಕುತ್ತಿದ್ದರು. "ತಾತಾ!" ಎಂಬ ಕೂಗು ಕೇಳಿದ್ದೇ ತಡ, ನಿಂತಲ್ಲೇ ಮಣ್ಣಿನ ಮೇಲೆ ಕುಸಿದು ಕೂತು ಮಗುವನ್ನು ಅವುಚಿಕೊಂಡರು.

"ಮಕ್ಕಳ ಕಳ್ಳಿ ಇವಳೇ! ಪೊಲೀಸರನ್ನ ಕರೀರಿ!" ಯಾರೋ ಕೂಗಿದರು.

"ಬಾಯ್ಮುಚ್ರೀ!" ತಾತ ಕೂತಲ್ಲಿಂದಲೇ ಗುಡುಗಿದರು. "ಕದ್ದೋಳು ಓಡಿಬಂದು ವಾಪಸ್ ಕೊಡ್ತಾಳಾ? ನಿದ್ದೆ ಹೊಡೆದೋನು ನಾನು. ಬೈಯೋದಾದ್ರೆ ನನ್ನ ಬೈಯಿರಿ." ಆಮೇಲೆ ಆಯಮ್ಮನ ಕಡೆ ತಿರುಗಿ ಕೈಮುಗಿದರು.

"ಯಜಮಾನ್ರೇ, ಕೈಮುಗಿದು ನನ್ನ ಸಾಯಿಸ್ಬೇಡಿ. ಕರ್ಕೊಂಡು ಹೋದೋಳೂ ನಾನೇ ಅಲ್ವಾ!"

ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತಾ ಬಂದರು. ತಾತನ ಮುಂದೆ ತಲೆತಗ್ಗಿಸಿ ಕ್ಷಮೆ ಕೇಳಿದರು. ಗುಂಪು ಚದುರಿತು. ಆಯಮ್ಮ ತಾನಾಗಿಯೇ ಕೇಳಿದಳು: "ಪಾರ್ಕು ಬಂದ್, ಅಲ್ವಾ ಮೇಡಂ?"

"ಬಂದ್ ಮಾಡ್ಬೇಕು ಅಂತಾನೇ ಮೆಟ್ಟಿಲು ಇಳಿದೆ." ಮೇಡಂ ಸೆರಗಿನಿಂದ ಬೆವರು ಒರೆಸಿಕೊಂಡರು. "ನೀನು ಹೇಳ್ದೇ ಬಂದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಎಣಿಕೆ ಯಾರಿಗೂ ತಪ್ಪುತ್ತೆ ಕಣೇ. ತಪ್ಪಿದ್ದನ್ನ ಬಾಯ್ಬಿಟ್ಟು ಹೇಳೋ ಆಯಾನ ನಾನೆಲ್ಲಿ ಹುಡುಕ್ಲಿ? ಶುಕ್ರವಾರ ಕರ್ಕೊಂಡು ಬಾ. ಗಂಟು ಎಣಿಸ್ಬೇಡ, ಮುಖ ನೋಡಿ ಎಣಿಸು. ಮತ್ತೆ ಇವತ್ತು ಆಗಿದ್ದನ್ನ ಎಲ್ಲಾ ಅಪ್ಪ ಅಮ್ಮಂದಿರಿಗೂ ಸಂಜೆ ನಾನೇ ಹೇಳ್ತೀನಿ."

ಆಯಮ್ಮ ಮೇಡಂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಅಷ್ಟೇ.

ತಾತ ಮಾತ್ರ ಎದ್ದಿರಲಿಲ್ಲ. "ನಿಮ್ಮದು ಉಳೀತು ಕಣಮ್ಮ. ನನ್ನ ಸೊಸೆಗೆ ಗೊತ್ತಾದ್ರೆ ಮಗೂನ ಇನ್ನು ನನ್ನ ಕೈಗೆ ಕೊಡೋದೇ ಇಲ್ಲ. ನಂಗಿರೋದು ಇದೊಂದೇ ಖುಷಿ."

"ಹೇಳ್ಬೇಡಿ ಹಾಗಾದ್ರೆ," ಎಂದುಬಿಟ್ಟ ಆಯಮ್ಮ ನಾಲಿಗೆ ಕಚ್ಚಿಕೊಂಡಳು. "ಅಲ್ಲ ಯಜಮಾನ್ರೇ, ಹೇಳ್ಬಿಡಿ. ಬೈಸ್ಕೊಳ್ಳಿ. ನಾನು ಹೇಳಿದ್ದಕ್ಕೇ ನಂದು ಉಳೀತು."

ಶುಕ್ರವಾರ ಆಯಮ್ಮ ಪ್ರತಿ ಮಗುವಿನ ಗಲ್ಲ ಮುಟ್ಟಿ ಮುಟ್ಟಿ ಎಣಿಸಿ ಎಂಟು ಮಕ್ಕಳನ್ನು ಕರೆತಂದಳು. ತಾತನ ಬೆಂಚು ಖಾಲಿ. ಹತ್ತೂಕಾಲಾಯಿತು, ಹತ್ತೂವರೆಯಾಯಿತು. ಇಲ್ಲದ ಉಪದೇಶ ಮಾಡಿ ಆ ಮುದಿಜೀವದ ಪಾರ್ಕು ಕಿತ್ತುಕೊಂಡೆನಲ್ಲಾ ಎಂದು ಅವಳು ಮತ್ತೆ ಮತ್ತೆ ಗೇಟಿನ ಕಡೆ ನೋಡಿದಳು.

ಆಗ ಗೇಟಿನಲ್ಲಿ ತಾತ ಕಂಡರು, ಪುಟ್ಟಿ ಕಂಡಳು. ಜೊತೆಗೆ ಹೆಗಲಿಗೆ ಆಫೀಸಿನ ಬ್ಯಾಗು ಹಾಕಿಕೊಂಡ ಒಬ್ಬ ಹೆಂಗಸು. ಆಕೆ ನೇರ ಆಯಮ್ಮನ ಮುಂದೆ ಬಂದು ನಿಂತಳು. ಆಯಮ್ಮ ಬೈಸಿಕೊಳ್ಳಲು ತಯಾರಾದಳು.

"ನೀವೇನಾ ಹಗ್ಗದ ಆಯಮ್ಮ?"

"ಹೌದಮ್ಮಾ. ತಪ್ಪು ನಂದೇ."

"ಮೂರು ದಿನ ನಂಗೆ ಅನ್ನ ಸೇರಿಲ್ಲ, ಗೊತ್ತಾ? ಮಾವನ ಮೇಲೂ ಕೂಗಾಡಿದೆ." ಆಕೆ ಪುಟ್ಟಿಯ ತಲೆ ಸವರಿದಳು. "ಈ ಊರಿಗೆ ಬಂದು ಮೂರು ತಿಂಗಳು, ಇವಳು ಒಂದು ಮಗು ಜೊತೆಗೂ ಸೇರಿರ್ಲಿಲ್ಲ. ಮಂಗಳವಾರದಿಂದ ಬರೀ ಗುಂಡ, ಚಿನಕುರಳಿ, ಇದೇ ಜಪ. ನೀವಿಬ್ರೂ ಮುಚ್ಚಿಡ್ಬಹುದಿತ್ತು. ಮುಚ್ಚಿಡ್ಲಿಲ್ಲ. ಅದಕ್ಕೇ ನಾನೇ ಬಂದೆ."

ಆಕೆ ಮಗಳ ಕೈಯನ್ನು ತೆಗೆದು ಆಯಮ್ಮನ ಕೈಯಲ್ಲಿಟ್ಟಳು. "ನಂಗೆ ಆಫೀಸಿಗೆ ಹೊತ್ತಾಯ್ತು. ಮಾವ ಇಲ್ಲೇ ಕೂತಿರ್ತಾರೆ. ಹನ್ನೊಂದರವರೆಗೆ ಇವಳು ನಿಮ್ಮ ಜೊತೆ ಆಡ್ಕೊಂಡಿರ್ಲಿ."

ಆಯಮ್ಮ ಆ ಪುಟ್ಟ ಕೈಯನ್ನು ಹಿಡಿದು ನೋಡುತ್ತಾ ನಿಂತಳು. ನಂಬಿಕೆ ಸಾಲದೆ ಆಕೆ ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಕಾದಳು. ಆ ತಾಯಿ ಗೇಟು ದಾಟಿ, ರಸ್ತೆ ದಾಟಿ ಹೋದಳು, ಒಮ್ಮೆಯೂ ತಿರುಗಿ ನೋಡಲಿಲ್ಲ.