ಕಿತ್ತಳೆ ಗಿಡಕ್ಕೆ ಹೊಲಿದ ಅಂಗಿ

"ಆ ಕಿತ್ತಳೆ ಗಿಡಾನೂ ಈ ಚಳಿಗಾಲ ದಾಟಲ್ಲ, ನಾನೂ ದಾಟಲ್ಲ."

ದರ್ಜಿಯ ಹೆಂಡತಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಆಡಿದ್ದು ಇದೊಂದೇ ಮಾತು. ಆಡಿದವಳು ಆಡಿ ಮರೆತಳು. ಕೇಳಿದ ದರ್ಜಿಗೆ ಮಾತ್ರ ನಿದ್ದೆ ಹಾರಿಹೋಯಿತು.

ಅವಳ ಕಾಯಿಲೆ ಯಾವಾಗಲೋ ವಾಸಿಯಾಗಿತ್ತು. ಓಡಾಡಿ, ಮೈಗೆ ಬಿಸಿಲು ತಾಗಲಿ ಎಂದು ಡಾಕ್ಟರು ಬಾಯಿ ನೋಯುವಷ್ಟು ಹೇಳಿದ್ದರು. ಅವಳಿಗೇ ಏಳುವ ಮನಸ್ಸಿರಲಿಲ್ಲ. ಹಿತ್ತಲು ಎಂದರೆ ಪ್ರಾಣ ಬಿಡುತ್ತಿದ್ದವಳು ಈಗ ಹಿತ್ತಲ ಬಾಗಿಲಿಗೂ ಹೋಗುತ್ತಿರಲಿಲ್ಲ. ಆ ಕಿತ್ತಳೆಯನ್ನು ಕಸಿ ಕಟ್ಟಿದ್ದವಳು ಅವಳೇ. ಮೊದಲು ಕಟ್ಟಿದ್ದೊಂದು ಚಳಿಗೆ ಸುಟ್ಟು ಹೋಗಿತ್ತು. ಇದು ಎರಡನೆಯದು, ಇನ್ನೂ ಅವಳ ಎದೆಯೆತ್ತರಕ್ಕಿದೆ.

ಆ ಊರಿನ ಚಳಿಗಾಲ ಹೆದರಿಸುವಂಥದ್ದೇನಲ್ಲ. ಹಗಲೆಲ್ಲ ಹಿತವಾದ ಬಿಸಿಲು; ಬೆಳಗಿನ ಜಾವ ಮಾತ್ರ ಹಲ್ಲು ಕಟಕಟ ಎನ್ನುತ್ತದೆ. ದೊಡ್ಡ ಮರಗಳಿಗೆ ಒಣ ಕೊಂಬೆ ತೆಗೆದು, ಕಾಂಡಕ್ಕೆ ಸುಣ್ಣ ಬಳಿದು, ನೀರು ಕಡಿಮೆ ಮಾಡಿ, ಬುಡದ ಸುತ್ತ ತರಗೆಲೆ ಹರಡಿದರೆ ಆಯಿತು. ವರ್ಷ ವರ್ಷವೂ ಇದನ್ನೆಲ್ಲ ಅವಳೇ ಮಾಡುತ್ತಿದ್ದಳು. ಗಂಡನನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಅವನಿಗೆ ದಾಳಿಂಬೆಗೂ ನಿಂಬೆಗೂ ವ್ಯತ್ಯಾಸ ತಿಳಿಯಬೇಕಾದರೆ ಕಾಯಿ ಬಿಡುವ ತನಕ ಕಾಯಬೇಕಿತ್ತು.

ಅಂಥವನು ಈ ಸಲ ಹಿತ್ತಲಿಗೆ ಇಳಿದ. ಹೆಂಡತಿ ಕಿಟಕಿಯಿಂದ ನೋಡುತ್ತಲೇ ಇದ್ದಳು. ಸುಣ್ಣ ಮರಕ್ಕಿಂತ ಅವನ ಮೊಣಕೈಗೇ ಹೆಚ್ಚು ಹತ್ತಿತು. ಸಿಕ್ಕ ತರಗೆಲೆಯನ್ನೆಲ್ಲ ಗುಡಿಸಿ ತಂದು ಕಿತ್ತಳೆಯ ಕಾಂಡಕ್ಕೆ ಒತ್ತಿ ಒತ್ತಿ ರಾಶಿ ಹಾಕಿದ. ಆಮೇಲೆ ಕೊರಳಲ್ಲಿದ್ದ ಟೇಪು ತೆಗೆದು ಗಿಡದ ಅಳತೆ ತೆಗೆದುಕೊಳ್ಳತೊಡಗಿದ.

"ಅಣ್ಣಾ, ತುಂಬು ತೋಳೋ, ಅರ್ಧ ತೋಳೋ?" ಮಹಡಿಯಿಂದ ಅವನ ತಂಗಿ ಕೂಗಿದಳು.

ದರ್ಜಿ ನಗಲಿಲ್ಲ. ಅಂಗಡಿಯ ಕೆಲಸ ಬದಿಗಿಟ್ಟು ಹೊಲಿಯಲು ಕೂತ. ಹೊರಗೆ ಗೋಣಿ, ಒಳಗೆ ಹಳೇ ಕಂಬಳಿ, ಮುಂದೆ ಸಾಲಾಗಿ ಗುಂಡಿ, ಮೇಲೆ ಕಾಲರು ಬೇರೆ! ತೊಡಿಸಿದ ಮೇಲೆ ನೋಡಿದರೆ ಫಿಟ್ಟಿಂಗಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೆಂಡತಿಗೆ ನಗು ಬರಲಿಲ್ಲ. ಎರಡು ದಿನ ಹಲ್ಲು ಕಚ್ಚಿಕೊಂಡು ನೋಡಿದಳು. ಮೂರನೆಯ ದಿನ ನಡುಹಗಲ ಬಿಸಿಲಿನಲ್ಲೂ ಗಿಡ ಕಾಲರಿನವರೆಗೆ ಗುಂಡಿ ಹಾಕಿಕೊಂಡು ನಿಂತದ್ದನ್ನು ಕಂಡು ಅವಳ ತಾಳ್ಮೆ ಕೆಟ್ಟಿತು.

"ಏನ್ರೀ! ಉಸಿರು ಕಟ್ಟಿ ಸಾಯುತ್ತೆ ಅದು. ಬಿಚ್ಚಿ!"

"ಈ ಚಳೀಲಾ? ನನ್ನ ಕೈಲಾಗಲ್ಲ ಕಣೇ." ದರ್ಜಿ ಗಿಡದ ಕಾಲರನ್ನು ಇನ್ನಷ್ಟು ಎಳೆದು ಮುಚ್ಚಿದ. "ಬೇಕಾದ್ರೆ ನೀನೇ ಬಂದು ಬಿಚ್ಚು."

ಅವಳು ಎದ್ದಳು. ಗೋಡೆ ಹಿಡಿದು, ಬಾಗಿಲು ಹಿಡಿದು, ಮೆಟ್ಟಿಲ ಮೇಲೆ ಒಂದಿಷ್ಟು ನಿಂತು, ಗೊಣಗುತ್ತಲೇ ಇಳಿದು ಬಂದಳು.

"ತರಗೆಲೆ ಕಾಂಡಕ್ಕೆ ಅಂಟಬಾರದು, ತೊಗಟೆ ಕೊಳೆಯುತ್ತೆ." ಅವಳು ಕಾಲಿನಿಂದಲೇ ರಾಶಿಯನ್ನು ಆಚೆ ಸರಿಸಿದಳು. ಒಂದೊಂದೇ ಗುಂಡಿ ಬಿಚ್ಚಿದಳು. ಒಳಗಿನಿಂದ ಬೆಚ್ಚನೆ ಹಬೆ ಹೊಡೆಯಿತು, ಎಲೆಗಳೆಲ್ಲ ಬೆವೆತಿದ್ದವು. "ಇದು ಗಿಡ ಮಲಗೋ ಕಾಲ ರೀ. ಹಗಲೂ ಹೀಗೆ ಹೊದಿಸಿಟ್ರೆ, ಬೇಸಿಗೆ ಬಂತು ಅಂತ ಚಿಗುರುತ್ತೆ. ಆ ಎಳೇ ಚಿಗುರನ್ನೇ ಚಳಿ ಮೊದಲು ಸುಡೋದು. ಕತ್ತಲಾದಾಗ ಹೊದಿಸಬೇಕು, ಬಿಸಿಲು ಬಂದಾಗ ತೆಗೀಬೇಕು. ಅತಿಯಾದರೆ ಅಮೃತವೂ ವಿಷ ಅಂತ ಸುಮ್ನೆ ಹೇಳ್ತಾರಾ?"

ದರ್ಜಿ ತಪ್ಪು ಮಾಡಿದ ಮಗುವಿನ ಹಾಗೆ ನಿಂತಿದ್ದ. ಅವಳು ಅಂಗಿ ಕಳಚಿ ತೋಳಿನ ಮೇಲೆ ಹಾಕಿಕೊಂಡಳು. ಇಷ್ಟು ಪುಟ್ಟ ಗಿಡದ ಅಂಗಿ ಇಷ್ಟೊಂದು ಭಾರವೇ? ಒಳಗು ಹೊರಗು ಮಾಡಿ ನೋಡಿದಳು. ಅಂಚಿನಲ್ಲಿ, ಎರಡೂ ಬದಿಯಲ್ಲಿ ಗೇಣಗಲ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಿದ್ದ.

"ಇದ್ಯಾಕೆ ಇಷ್ಟು ಬಟ್ಟೆ ಒಳಗೆ ಮಡಚಿದ್ದೀರಿ?"

"ಬರೋ ವರ್ಷ ಬೆಳೆದಿರುತ್ತಲ್ಲ. ಆಗ ಬಿಚ್ಚಿ ಬಿಟ್ರಾಯ್ತು."

ಶಾಲೆಯ ಮಕ್ಕಳ ಬಟ್ಟೆಗೆ ಅವನು ಯಾವಾಗಲೂ ಹಾಗೇ ಮಾಡುತ್ತಿದ್ದ. ಅವಳಿಗೆ ಇನ್ನೊಂದು ನೆನಪಾಯಿತು. ಕಾಯಿಲೆಯಲ್ಲಿ ಮೈ ಇಳಿದು ಅವಳ ಬಟ್ಟೆಗಳೆಲ್ಲ ಜೋಲಾಡುವಂತಾದಾಗ ಅವನು ಒಂದೊಂದನ್ನೇ ಒಯ್ದು ಅಳತೆಗೆ ಚಿಕ್ಕದು ಮಾಡಿ ತಂದಿದ್ದ. ಈಗ ತಾನು ತೊಟ್ಟಿದ್ದ ಅಂಗಿಯ ಪಕ್ಕವನ್ನು ಹಿಡಿದು ಒಳಮಗ್ಗುಲು ತಿರುಗಿಸಿದಳು. ಕತ್ತರಿಸಿ ಎಸೆದಿದ್ದಾನೆ ಎಂದುಕೊಂಡಿದ್ದ ಬಟ್ಟೆಯೆಲ್ಲ ಒಳಗೆ ಹಾಗೇ ಮಡಚಿಕೊಂಡಿತ್ತು, ಅದೇ ಕಚ್ಚಾ ಹೊಲಿಗೆಯಲ್ಲಿ. ಒಂದು ಎಳೆ ಎಳೆದರೆ ಸಾಕು, ಪೂರಾ ಬಿಚ್ಚಿಕೊಳ್ಳುವಂತಿತ್ತು.

ಅವಳು ಆ ಮಡಿಕೆಯನ್ನು ಅವನ ಕಡೆ ಹಿಡಿದಳು. "ಇದನ್ನ ಯಾಕೆ ಕತ್ತರಿಸಲಿಲ್ಲ?"

"ಹೇಗೆ ಕತ್ತರಿಸಲಿ?" ಎಂದ ದರ್ಜಿ, ಅವಳ ಮುಖ ನೋಡದೆ. "ಕತ್ತರಿ ಹಿಡಿದಾಗೆಲ್ಲ ಕೈ ಏಳಲಿಲ್ಲ ಕಣೇ."

ಅವಳು ಗಿಡದ ಅಂಗಿಯನ್ನು ಎದೆಗೊತ್ತಿಕೊಂಡು ಗಿಡದ ಪಕ್ಕದ ಕಲ್ಲಿನ ಮೇಲೆ ಕೂತಳು. ಅತ್ತಳು, ಅಳು ಮುಚ್ಚಿಡಲೂ ಹೋಗಲಿಲ್ಲ. ತಾನು ತೊಟ್ಟ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡು, ಮೊದಲಿನ ಜೋರು ದನಿಯಲ್ಲೇ ಹೇಳಿದಳು:

"ಸಂಜೆ ನೀವು ಹೊದಿಸಿ. ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ತೆಗೀಬೇಕು, ನೀವಾದ್ರೆ ಮರೀತೀರಿ. ನಾನೇ ಬರ್ತೀನಿ."