ತಟ್ಟೆಯಲ್ಲಿ ಎರಡು ಲಿಂಗ

“ನಿಮ್ಮ ಮನಿಯವರು ಸಿಕ್ಕರ ಅವರ ಕೈಗೆ, ಸಿಗಲಿಲ್ಲಂದ್ರ ತಿರುಗಿ ನಿಮ್ಮ ಕೈಗೆ. ಬ್ಯಾರೆ ಯಾರಿಗೂ ಈ ಲಿಂಗ ಕೊಡಂಗಿಲ್ಲರಿ” ಎಂದು ಪುಣತಾಂಬಾದ ಸಾವಿತ್ರಿಬಾಯಿಗೆ ರೇವಣಪ್ಪ ಮಾತು ಕೊಟ್ಟು ಬಹಳ ವರ್ಷಗಳಾಗಿದ್ದವು. ಈಗ ಅದೇ ರೇವಣಪ್ಪನ ಹೆಣವನ್ನು ಪಂಚವಟಿಯ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಗ ಸಂಗಮನಾಥ ಗಲ್ಲ ಹಿಡಿದುಕೊಂಡಿದ್ದ.

“ಲಿಂಗ ತರ್ರಿ” ಎಂದರು ಅಯ್ಯನವರು. “ಎಡಗೈಯಾಗ ಇಟ್ಟು ಕಟ್ಟಬೇಕು. ಅದಿಲ್ಲದ ಮಣ್ಣಿಗೆ ಇಳಸಾಕ ಬರಂಗಿಲ್ಲ.”

ಹೆಂಡತಿ ಕಸ್ತೂರಿಬಾಯಿ ದೇವರ ಜಗಲಿಗೆ ಹೋದವಳು ಅಲ್ಲೇ ನಿಂತಳು. ಲಿಂಗ ಇಡುವ ಬೆಳ್ಳಿಯ ಕರಡಿಗೆಗಳೆರಡೂ ಬಾಯಿ ತೆರೆದು ಬಿದ್ದಿದ್ದವು. ಪಕ್ಕದ ತಟ್ಟೆಯಲ್ಲಿ ಎರಡು ಕರಿಯ ಲಿಂಗಗಳು, ಒದ್ದೆಯಾಗಿ, ಒಂದರ ಹಾಗೆ ಇನ್ನೊಂದು.

“ಇವನ್ನ ಯಾರು ಹೊರಗ ತಗದ್ರು?”

“ನಾನೇ ಅವ್ವ. ಎರಡೂ ಅಪ್ಪನ ಕೊಳ್ಳಾಗ ಇದ್ವಲ್ಲ. ದವಾಖಾನಿಂದ ಬಂದಾವಂತ ಗಂಗಾನೀರಿನ್ಯಾಗ ಏಕದಮ್ ಸ್ವಚ್ಛ ತೊಳದೆ.”

“ಯಾವುದರಾಗಿಂದು ಯಾವುದು?”

ಸಂಗಮನಾಥ ತಟ್ಟೆ ನೋಡಿದ, ತಾಯಿಯ ಮುಖ ನೋಡಿದ. “ಕರಡಿಗಿ ಬ್ಯಾರೆ ಬ್ಯಾರೆ ಅದಾವಲ್ಲ. ಒಳಗಿಂದು ಸೇಮ್ ಅಂದ್ಕೊಂಡೆ.”

ಗಂಡನ ಕರಡಿಗೆ ಅವಳಿಗೆ ಗೊತ್ತಿತ್ತು, ಒಳಗಿನ ಲಿಂಗ ಗೊತ್ತಿರಲಿಲ್ಲ.

*

ರೇವಣಪ್ಪನದು ಹಳೆಯ ಸಾಮಾನಿನ ವ್ಯಾಪಾರ. ವ್ಯಾನು ಹತ್ತಿ ಗೋದಾವರಿಯ ಗುಂಟ ಕೋಪರಗಾಂವ್, ಪುಣತಾಂಬಾ, ಪೈಠಣ ಎಂದು ಸುತ್ತುತ್ತಿದ್ದ. ಬೀಳುತ್ತಿರುವ ವಾಡೆಗಳ ಕೆತ್ತನೆಯ ಬಾಗಿಲು, ಹಿತ್ತಾಳೆ ದೀಪ, ಅಡಕೆ ಡಬ್ಬಿ ತಂದು ಔರಂಗಾಬಾದಿನಾಚೆ ದೌಲತಾಬಾದ್ ರಸ್ತೆಯ ಅಂಗಡಿಗಳಿಗೆ ಕೊಡುತ್ತಿದ್ದ. ಸಾವಿತ್ರಿಬಾಯಿಯ ಮನೆಗೆ ಹೋದದ್ದೂ ಒಂದು ದೀಪದ ಕಂಬಕ್ಕಾಗಿ. ಆಕೆ ದೀಪ ಕೊಡಲಿಲ್ಲ, ಗಂಡನ ಲಿಂಗವಿದ್ದ ಕರಡಿಗೆ ಕೊಟ್ಟಳು. ಅವಳ ಗಂಡ ಅದನ್ನು ಗೂಟಕ್ಕೆ ಹಾಕಿ ಹೊಳೆಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

“ನೀವು ಊರೂರು ತಿರಗೋರು, ನೋಡ್ರಿ. ಬಲಗಿವಿ ಹರದದ, ಗುರ್ತು ಸಿಗತದ” ಎಂದಿದ್ದಳು.

ಅಂದಿನಿಂದ ರೇವಣಪ್ಪ ಹೊಳೆಯ ಪ್ರತಿ ಘಾಟಿನಲ್ಲೂ ಇಳಿದು, ಮಲಗಿದ ಬೈರಾಗಿಗಳ ಕಿವಿಯನ್ನು ಬಗ್ಗಿ ನೋಡುತ್ತಿದ್ದ.

“ಹಳೇ ಸಾಮಾನ ಹುಡಕಾಕ ಬಂದೀರೊ, ಹಳೇ ಗಂಡಸರನ್ನೊ?” ಎಂದು ವ್ಯಾನಿನೊಳಗಿಂದ ಕಸ್ತೂರಿಬಾಯಿ ಕಾಡಿಸುತ್ತಿದ್ದಳು.

ಒಮ್ಮೆ ಪೈಠಣದಲ್ಲಿ ಅವನು ನಗಲಿಲ್ಲ. “ಲಿಂಗ ಇಲ್ಲದ ಎಲ್ಲೆರೆ ಬಿದ್ದಿದ್ರ ಅವರ ಗತಿ ಏನು? ನನಗೂ ಅದೊಂದ ಅಂಜಿಕಿ, ಕಸ್ತೂರಿ. ಬರಿಗೈಲೆ ಕಳಸಬ್ಯಾಡ ನನ್ನ.”

*

ಸಾವಿತ್ರಿಬಾಯಿ ಸುದ್ದಿ ಕೇಳಿ ಬಸ್ಸು ಹಿಡಿದು ಬಂದಿದ್ದಳು. ಹೆಣದ ಮುಂದೆ ಕೈಮುಗಿದು, ನೇರ ಜಗಲಿಯ ಹತ್ತಿರ ಬಂದಳು.

“ನಂದು ನನಗ ಕೊಡ್ರಿ ತಾಯಿ. ಇವರ ಜೋಡಿ ಎಲ್ಲಿ ಮಣ್ಣಾಗ ಹೋಗತದೊ ಅಂತ ಓಡಿ ಬಂದೆ.”

ಕಸ್ತೂರಿಬಾಯಿ ತಟ್ಟೆ ಮುಂದೆ ಹಿಡಿದಳು. “ಕಲಸಿಹೋಗ್ಯಾವ ಅಕ್ಕಾ. ನಿಮ್ಮ ಮನಿಯವರದು ಯಾವುದು, ನೀವೇ ಹೇಳ್ರಿ.”

ಆಕೆ ಒಂದೊಂದನ್ನೇ ಎತ್ತಿ ಕಣ್ಣಿನ ಹತ್ತಿರ ಒಯ್ದಳು. ಎರಡನೆಯದನ್ನು ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಅದನ್ನೂ ತಟ್ಟೆಗಿಟ್ಟಳು.

“ದಿನಾ ಅವರ ಅಂಗೈಯಾಗ ದೂರಿಂದ ನೋಡಿದ್ದಷ್ಟ. ಗೊತ್ತಾಗವಲ್ದು.” ಕೈ ಚಾಚಿದಳು. “ಯಾವುದರೆ ಒಂದು ಕೊಡ್ರಿ.”

“ತಪ್ಪಿದ್ರ? ತಮ್ಮದಲ್ಲದ್ದು ಹಿಡಕೊಂಡ್ರ ಇವರು ಬರಿಗೈಲೆ ಹೋದಂಗ.”

ಸಾವಿತ್ರಿಬಾಯಿ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ.

“ಹೊತ್ತಾತು ನಡೀರಿ” ಎಂದರು ಅಯ್ಯನವರು.

ಕಸ್ತೂರಿಬಾಯಿ ಎರಡೂ ಲಿಂಗಗಳನ್ನು ಬಾಚಿಕೊಂಡು ಗಂಡನ ಎಡಗೈಯಲ್ಲಿಟ್ಟಳು. ಸೆಟೆದ ಬೆರಳುಗಳು ಎರಡರ ಮೇಲೆ ಮುಚ್ಚಲಿಲ್ಲ. ಅಯ್ಯನವರ ಕೈಯಿಂದ ಬಟ್ಟೆ ಕಸಿದು, ಸುತ್ತಿ, ಮತ್ತೆ ಸುತ್ತಿ, ಹಲ್ಲಿನಿಂದ ಎಳೆದು ಗಂಟು ಹಾಕಿದಳು. ಅಯ್ಯನವರು ಅವಳಿಗೆ ಜಾಗ ಬಿಟ್ಟು ಹಿಂದೆ ಸರಿದರು.

ಏನು ಮಾಡಬೇಕೆಂದು ತಿಳಿಯದೆ ಸಂಗಮನಾಥ, ಸಾವಿತ್ರಿಬಾಯಿಯ ಚಾಚಿದ್ದ ಕೈಯಲ್ಲಿ ಅವಳ ಗಂಡನ ಬರಿಯ ಕರಡಿಗೆಯನ್ನು ಇಟ್ಟ. ಅದರ ಮುಚ್ಚಳ ಇನ್ನೂ ತೆರೆದೇ ಇತ್ತು.

ರೇವಣಪ್ಪ ಕೊಟ್ಟಿದ್ದ ಮಾತು ಮುರಿಯಿತು.