ತವರಿನ ಗಡಿಯಾರ

ಯೆಲಿಕಾ ಮನೆಯ ಗಡಿಯಾರಗಳನ್ನೆಲ್ಲ ಒಂದೊಂದಾಗಿ ನಿಲ್ಲಿಸುತ್ತಾ ಬಂದು, ಕೊನೆಯದಕ್ಕೆ ಕೈಚಾಚಿದಾಗ ಅತ್ತಿಗೆ ದೆಸಾಂಕಾ ಅಡ್ಡ ನಿಂತಳು.

"ಇದೊಂದು ಬಿಟ್ಬಿಡು."

"ಬಿಡೋದಾ? ಹೆಣ ಮನೇಲಿಟ್ಕೊಂಡು ಗಡಿಯಾರ ಓಡಿಸ್ತಾರಾ ಅತ್ತಿಗೆ? ನಮ್ಮಣ್ಣನ ಜೀವ ಹೊಸ್ತಿಲು ದಾಟೋದು ಹೇಗೆ?"

"ನಿಲ್ಸಿದ್ರೆ ಮತ್ತೆ ಹೊರಡಿಸೋರು ಯಾರು? ಗೊತ್ತಿದ್ದೋನು ಅಲ್ಲಿ ಮಲಗಿದಾನೆ."

ಶವಪೆಟ್ಟಿಗೆಯ ಸುತ್ತ ಮೇಣದಬತ್ತಿ ಹಿಡಿದು ಕೂತವರು ತಲೆ ತಗ್ಗಿಸಿದರು. ಪಕ್ಕದ ಮನೆಯ ತಿಹೋಮಿರ್‌ಗೆ ಮಾತ್ರ ಸುಮ್ಮನಿರಲಾಗಲಿಲ್ಲ.

"ನನ್ನ ಅಲಾರಾಂ ರಿಪೇರಿ ಮಾಡ್ಕೊಟ್ಟಿದ್ದ. ಅವತ್ತಿಂದ ಮನಸ್ಸು ಬಂದಾಗ ಬಡ್ಕೊಳ್ಳುತ್ತೆ. ಎರಡು ಸ್ಕ್ರೂ ಉಳ್ಕೊಂಡ್ವು. ಮೊದಲೇ ಹೆಚ್ಚಾಗಿ ಹಾಕಿದ್ರು ಕಣೋ ಅಂದ, ಪುಣ್ಯಾತ್ಮ." ನಗಲು ಹೋಗಿ ಅತ್ತುಬಿಟ್ಟ.

*

ದೆಸಾಂಕಾಳ ಗಂಡ ರಾದಿಸಾವ್ ಡ್ಯಾನ್ಯೂಬ್ ನದಿ ದಾಟಿಸುವ ದೋಣಿಗಳಲ್ಲಿ ಹಗ್ಗ ಎಳೆದೇ ಮುದುಕನಾದವನು. ನಿವೃತ್ತನಾದ ವಾರದಲ್ಲೇ ಕೈ ಸುಮ್ಮನಿರದೆ, ಹೆಂಡತಿ ತವರಿನಿಂದ ತಂದ ಗೋಡೆ ಗಡಿಯಾರಕ್ಕೆ ಎಣ್ಣೆ ಬಿಡುತ್ತೇನೆಂದು ಬಿಚ್ಚಿದ. ಅದು ಚೆನ್ನಾಗಿಯೇ ಓಡುತ್ತಿತ್ತು. ಬಿಚ್ಚಿದ್ದು ಮತ್ತೆ ಕೂಡಲಿಲ್ಲ.

"ನಮ್ಮಮ್ಮಂದು ಅಂತ ಉಳಿದಿದ್ದು ಅದೊಂದೇ!" ಅಷ್ಟು ಹೇಳಿ ದೆಸಾಂಕಾ ಮಾತು ಬಿಟ್ಟಳು. ತಿಂಗಳುಗಟ್ಟಲೆ ತಟ್ಟೆಯನ್ನು ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು.

ಅವಳ ಬಾಯಿ ಬಿಡಿಸಲೆಂದೇ ಅವನು ರಿಪೇರಿ ಕಲಿಯಹೊರಟ. ಕೈ ಪಳಗಿಸಿಕೊಳ್ಳಲು ಊರಿನ ಕೆಟ್ಟ ಗಡಿಯಾರಗಳನ್ನೆಲ್ಲ ಕೇಳಿ ತಂದ. ಬರಬರುತ್ತಾ ಅದೇ ಹುಚ್ಚಾಯಿತು. ಊಟದ ಮೇಜಿನ ತುಂಬ ಚಕ್ರ, ಸ್ಪ್ರಿಂಗು. ರೊಟ್ಟಿಗೂ ಎಣ್ಣೆಯ ವಾಸನೆ. ಅವಳು ಬೈಯಲು ಶುರುಮಾಡಿದಳು, ಅವನಿಗೆ ಅಷ್ಟೇ ಬೇಕಿತ್ತು. ತವರಿನ ಗಡಿಯಾರಕ್ಕೆ ಮಾತ್ರ ಜೀವ ಬರದೆ ವರ್ಷಗಳು ಹೋದವು.

ಕಳೆದ ಭಾನುವಾರ ಅವಳು ಸಾರಿಗೆ ಉಪ್ಪು ಹಾಕುತ್ತಿದ್ದಾಗ ಅದು ಗಂಟೆ ಹೊಡೆಯಿತು. ರಾದಿಸಾವ್ ಗೋಡೆಗೆ ಕಿವಿಯಿಟ್ಟು ನಿಂತಿದ್ದ.

"ಬಾ, ಕೇಳು. ಟಿಕ್, ಟಾಕ್, ಎರಡು ಹೆಜ್ಜೇನೂ ಸಮ ಬೀಳ್ಬೇಕು. ಗಡಿಯಾರ ಕೂದಲೆಳೆಯಷ್ಟು ವಾಲಿದ್ರೂ ಕುಂಟುತ್ತೆ, ಕುಂಟಿದ್ರೆ ನಿಂತ್ಹೋಗುತ್ತೆ. ಮುಟ್ಬೇಡ ಮತ್ತೆ!"

"ಇಷ್ಟು ವರ್ಷ ಬೇಕಾಯ್ತಾ, ಮುದುಕಾ?" ಎಂದಳು. ಎಂದವಳೇ ಒಲೆಯ ಕಡೆ ತಿರುಗಿ ಮುಂಗೈಯಲ್ಲೇ ಕಣ್ಣೊರೆಸಿಕೊಂಡಳು.

*

ಪಾದ್ರಿ ಬಾಗಿಲಲ್ಲಿ ಕಾಯುತ್ತಿದ್ದರು.

"ಅಣ್ಣನ್ನ ಇಲ್ಲೇ ಕಟ್ಟಿಹಾಕ್ತೀಯಾ, ಅತ್ತಿಗೆ?" ಯೆಲಿಕಾಳ ದನಿ ಒಡೆಯಿತು.

ದೆಸಾಂಕಾ ಗಂಡನ ಮುಖ ನೋಡಿದಳು. ಆಮೇಲೆ ಗಡಿಯಾರದ ಗಾಜು ತೆರೆದು ಲೋಲಕವನ್ನು ಎರಡು ಬೆರಳಲ್ಲಿ ಹಿಡಿದಳು. ಮನೆ ಸದ್ದಡಗಿದಾಗಲೇ ಅವನು ಹೋದದ್ದು ಅವಳಿಗೆ ನಿಜವಾಯಿತು. ಗಟ್ಟಿಯಾಗಿ ಅತ್ತಳು. ಪೆಟ್ಟಿಗೆ ಹೊತ್ತವರು ಇಕ್ಕಟ್ಟಿನಲ್ಲಿ ತಿರುಗುವಾಗ ಒಬ್ಬನ ಭುಜ ಗಡಿಯಾರಕ್ಕೆ ತಾಗಿತು. ಯಾರೋ ಹಿಡಿದು ನೆಟ್ಟಗೆ ಮಾಡಿದರು.

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೈತೊಳೆದು ಸತ್ತವನ ಹೆಸರಲ್ಲಿ ಬೇಯಿಸಿದ ಸಿಹಿ ಗೋಧಿ ತಿನ್ನಲು ಕೂತರು. ದೆಸಾಂಕಾ ಕೋಟನ್ನೂ ತೆಗೆಯದೆ ಗಡಿಯಾರದ ಬಳಿ ಹೋದಳು. ಲೋಲಕವನ್ನು ನೂಕಿದಳು. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ; ಕುಂಟಿ ನಿಂತಿತು. ಅತ್ತ ವಾಲಿಸಿದಳು, ಇತ್ತ ವಾಲಿಸಿದಳು. ಮತ್ತೆ ನಿಂತಿತು. ಕೊನೆಗೆ ವಾಲಿಸುವುದನ್ನು ಬಿಟ್ಟು, ನಿಲ್ಲಲು ಹೊರಟಾಗಲೆಲ್ಲ ಬೆರಳಲ್ಲಿ ನೂಕತೊಡಗಿದಳು.

"ಅತ್ತಿಗೆ, ಒಂದು ಚಮಚ ಗೋಧಿನಾದ್ರೂ ಬಾಯಿಗೆ ಹಾಕ್ಕೋ ಬಾ."

"ಕೈ ಬಿಟ್ರೆ ನಿಂತ್ಹೋಗುತ್ತೆ ಕಣೇ."

ಯೆಲಿಕಾ ಗಡಿಯಾರದ ಕುಂಟು ಸದ್ದನ್ನು ಕೇಳಿಸಿಕೊಂಡಳು. ಆಮೇಲೆ ಕಪ್ಪು ಅಂಗಿಯ ತೋಳು ಮಡಿಚಿ ಅತ್ತಿಗೆಯನ್ನು ಪಕ್ಕಕ್ಕೆ ಸರಿಸಿದಳು.

"ಹೋಗು, ತಿಂದು ಬಾ. ಅಲ್ಲೀವರೆಗೆ ನಾನು ನೂಕ್ತಿರ್ತೀನಿ."

ದೆಸಾಂಕಾ ಮೇಜಿನ ತುದಿಯಲ್ಲಿ ಕೂತು ಚಮಚ ಎತ್ತಿಕೊಂಡಳು. ಯೆಲಿಕಾ ಎಲ್ಲರಿಗೂ ಬೆನ್ನು ಹಾಕಿ ನಿಂತು, ಒಂದೇ ಬೆರಳಿನಿಂದ ಲೋಲಕವನ್ನು ನೂಕುತ್ತಲೇ ಇದ್ದಳು.